ಬರೆಯದೆ ಬಿಟ್ಟ ಶಿಫಾರಸು: ಟಿಬೋರ್ ರೂಬಿನ್‌ನ ಐವತ್ತೈದು ವರ್ಷಗಳು

1949ರಲ್ಲಿ ನ್ಯೂಯಾರ್ಕಿನಲ್ಲಿದ್ದ ಹಂಗೇರಿಯ ಹುಡುಗನೊಬ್ಬ ಅಮೆರಿಕದ ಸೈನ್ಯ ಸೇರಲು ಹೋಗಿ ಇಂಗ್ಲಿಷ್ ಪರೀಕ್ಷೆಯಲ್ಲಿ ನಪಾಸಾದ. ಆ ದೇಶಕ್ಕೆ ಬಂದು ಇನ್ನೂ ಒಂದು ವರ್ಷವಾಗಿತ್ತಷ್ಟೆ. ಹೊಟ್ಟೆಪಾಡಿಗೆ ಮೊದಲು ಚಪ್ಪಲಿ ಹೊಲಿಯುವ ಕೆಲಸ ಮಾಡಿ, ಆಮೇಲೆ ಮಾಂಸದಂಗಡಿಯ ಕೆಲಸ ಹಿಡಿದಿದ್ದ. ಮರುವರ್ಷ ಮತ್ತೆ ಹೋದ. ಅಕ್ಕಪಕ್ಕದಲ್ಲಿ ಪರೀಕ್ಷೆ ಬರೆಯುತ್ತಿದ್ದ ಇಬ್ಬರು ಕೊಟ್ಟ 'ಸಹಾಯ'ದಿಂದ ಈ ಬಾರಿ ಪಾಸಾದ. ಇದನ್ನು ಯಾರೂ ಗುಟ್ಟಾಗಿಡಲಿಲ್ಲ. ದಶಕಗಳ ನಂತರ ಅಮೆರಿಕದ ಸೈನ್ಯವೇ ಪ್ರಕಟಿಸಿದ ಅವನ ಪರಿಚಯದಲ್ಲಿ ಈ ಕಾಪಿ ಹೊಡೆದ ಕಥೆ ಸಣ್ಣ ನಗೆಯೊಂದಿಗೆ ಬರುತ್ತದೆ.

ಆ ಹುಡುಗನ ಹೆಸರು ಟಿಬೋರ್ ರೂಬಿನ್. ಅದೇ ವರ್ಷ ಅವನು ಕೊರಿಯಾ ಯುದ್ಧಕ್ಕೆ ಹೋದ. ಅಲ್ಲಿ ಅವನು ಮಾಡಿದ ಕೆಲಸಕ್ಕೆ ಅಮೆರಿಕದ ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಸಿಕ್ಕಿತು. ಆದರೆ ಸಿಕ್ಕಿದ್ದು 2005ರಲ್ಲಿ, ಅವನಿಗೆ ಎಪ್ಪತ್ತಾರು ವರ್ಷವಾದಾಗ. ನಡುವಿನ ಐವತ್ತೈದು ವರ್ಷ ಏನಾಯಿತು ಎನ್ನುವುದು ಒಬ್ಬ ಸೈನಿಕನ ಕಥೆಯಷ್ಟೇ ಅಲ್ಲ. ಶೌರ್ಯ ಎನ್ನುವುದು ಯಾರು ನೋಡಿದರೆ, ಯಾರು ಬರೆದರೆ, ಯಾವ ಕಚೇರಿಯಿಂದ ಯಾವ ಕಚೇರಿಗೆ ಹೋದರೆ ಶೌರ್ಯವಾಗುತ್ತದೆ ಎನ್ನುವ ಪ್ರಶ್ನೆಯೂ ಅದರಲ್ಲಿದೆ.

ಪಾಸ್ತೋದಿಂದ ಮಾಟ್‌ಹೌಸೆನ್‌ಗೆ

ರೂಬಿನ್ ಹುಟ್ಟಿದ್ದು 1929ರ ಜೂನ್ 18ರಂದು, ಹಂಗೇರಿಯ ಪಾಸ್ತೋ ಎಂಬ ಸಣ್ಣ ಊರಿನಲ್ಲಿ. ಅಪ್ಪ ಫೆರೆಂಟ್ಸ್ ಚಮ್ಮಾರ. ಊರಿನ ಯಹೂದಿಗಳ ಸಂಖ್ಯೆ ದೊಡ್ಡದೇನಲ್ಲ. ಹಂಗೇರಿ ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಮಿತ್ರದೇಶ. ಯಹೂದಿಗಳ ವಿರುದ್ಧ ಕಾನೂನುಗಳು ಒಂದೊಂದಾಗಿ ಬಂದಿದ್ದವು. ಯುರೋಪಿನ ಉಳಿದ ಕಡೆಗಳಿಂದ ಬರುತ್ತಿದ್ದ ಸುದ್ದಿ ಇನ್ನೂ ಕೆಟ್ಟದಾಗಿತ್ತು. ಮಗನಾದರೂ ಉಳಿಯಲಿ ಎಂದು ತಂದೆತಾಯಿ ಹದಿಮೂರು ವರ್ಷದ ಟಿಬೋರನನ್ನು ಓಡಿಹೋಗುತ್ತಿದ್ದ ಇತರರ ಜೊತೆ ಸ್ವಿಟ್ಜರ್ಲೆಂಡಿನ ಕಡೆಗೆ ಕಳಿಸಿದರು. ಅವನು ಅಲ್ಲಿಗೆ ಮುಟ್ಟಲಿಲ್ಲ. ಸಿಕ್ಕಿಬಿದ್ದು ಆಸ್ಟ್ರಿಯಾದ ಮಾಟ್‌ಹೌಸೆನ್ ಯಾತನಾಶಿಬಿರಕ್ಕೆ ಸೇರಿದ.

ಮಾಟ್‌ಹೌಸೆನ್ ಇದ್ದದ್ದು ಒಂದು ಕಲ್ಲುಕ್ವಾರಿಯ ಪಕ್ಕದಲ್ಲಿ. ಕೈದಿಗಳು ಗ್ರಾನೈಟ್ ಕಲ್ಲು ಹೊತ್ತು 186 ಮೆಟ್ಟಿಲು ಹತ್ತಬೇಕಿತ್ತು. 1938ರಿಂದ 1945ರವರೆಗೆ ಆ ಶಿಬಿರ ಮತ್ತು ಅದರ ಉಪಶಿಬಿರಗಳಿಗೆ ಬಂದವರು ಸುಮಾರು 1,90,000 ಜನ. ಅವರಲ್ಲಿ ಕನಿಷ್ಠ 90,000 ಜನ ಸತ್ತರು. ಅಲ್ಲಿ ರೂಬಿನ್ 14 ತಿಂಗಳು ಬದುಕಿ ಉಳಿದ. ಹಸಿವಿಗೆ ಏನು ತಿನ್ನಬಹುದು, ಕಾವಲುಗಾರ ಯಾವ ಹೊತ್ತಿನಲ್ಲಿ ಮೈಮರೆಯುತ್ತಾನೆ, ಗಾಯ ಕೊಳೆತರೆ ಏನು ಮಾಡಬೇಕು ಎನ್ನುವುದನ್ನೆಲ್ಲ ಆ ವಯಸ್ಸಿನಲ್ಲಿ ಯಾರೂ ಕಲಿಯಬಾರದು. ಅವನು ಕಲಿತ.

1944ರ ಮೇ ಮಧ್ಯದಿಂದ ಜುಲೈ ಆರಂಭದವರೆಗಿನ ಎಂಟು ವಾರಗಳಲ್ಲಿ ಹಂಗೇರಿಯ ನಾಲ್ಕು ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ರೈಲುಗಳಲ್ಲಿ ತುಂಬಿ ಸಾಗಿಸಲಾಯಿತು. ಬಹುಪಾಲು ರೈಲುಗಳು ಹೋದದ್ದು ಆಶ್‌ವಿಟ್ಸ್‌ಗೆ. ರೂಬಿನ್‌ನ ತಾಯಿ ಮತ್ತು ಪುಟ್ಟ ತಂಗಿ ಆಶ್‌ವಿಟ್ಸ್‌ನಲ್ಲಿ ಸತ್ತರು, ತಂದೆ ಬೂಖೆನ್‌ವಾಲ್ಡ್‌ನಲ್ಲಿ.

1945ರ ಮೇ 5ರಂದು ಅಮೆರಿಕದ 11ನೇ ಆರ್ಮರ್ಡ್ ಡಿವಿಷನ್ ಮಾಟ್‌ಹೌಸೆನ್‌ಗೆ ಬಂತು. ಎಲುಬಿನ ಗೂಡಾಗಿದ್ದ, ಹೇನು ಹತ್ತಿದ್ದ, ಭೇದಿಯಿಂದ ನರಳುತ್ತಿದ್ದ ಕೈದಿಗಳನ್ನು ಆ ಸೈನಿಕರು ಅಸಹ್ಯಪಡದೆ ಎತ್ತಿಕೊಂಡು ಉಪಚಾರ ಮಾಡಿದರು. ಅಮೆರಿಕಕ್ಕೆ ಹೋಗುವಂತಾದರೆ ಆ ಸೈನ್ಯ ಸೇರಿ ಋಣ ತೀರಿಸುತ್ತೇನೆ ಎಂದು ಅಂದೇ ಹರಕೆ ಹೊತ್ತೆ ಎಂದು ರೂಬಿನ್ ಮುಂದೆ ಜೀವನದುದ್ದಕ್ಕೂ ಹೇಳುತ್ತಿದ್ದರು. 1949ರ ಇಂಗ್ಲಿಷ್ ಪರೀಕ್ಷೆ ಆ ಹರಕೆ ತೀರಿಸುವ ಮೊದಲ ಪ್ರಯತ್ನ.

ಒಂದು ಗುಡ್ಡ, ಇಪ್ಪತ್ತನಾಲ್ಕು ಗಂಟೆ

1950ರ ಜೂನ್ 25ರಂದು ಉತ್ತರ ಕೊರಿಯಾದ ಸೈನ್ಯ 38ನೇ ಅಕ್ಷಾಂಶ ದಾಟಿ ದಕ್ಷಿಣಕ್ಕೆ ನುಗ್ಗಿತು. ರೂಬಿನ್ ಆಗ ಅಮೆರಿಕದ ಪ್ರಜೆ ಅಲ್ಲ. ಪ್ರಜೆಯಲ್ಲದವನು ಯುದ್ಧಭೂಮಿಗೆ ಬರಲೇಬೇಕೆಂದಿಲ್ಲ, ಬೇರೆ ಕಡೆ ವರ್ಗ ಮಾಡಿಸಿಕೊಳ್ಳಬಹುದು ಎಂದು ಅವನಿಗೆ ಹೇಳಲಾಯಿತು. ತನ್ನ ತುಕಡಿಯವರೆಲ್ಲ ಹೋಗುತ್ತಿರುವಾಗ ತಾನೊಬ್ಬ ಹಿಂದೆ ಉಳಿಯಲಾರೆ ಎಂದು ಅವನೂ ಹೊರಟ. ಜುಲೈ ಹೊತ್ತಿಗೆ ಅವನು 1ನೇ ಕ್ಯಾವಲ್ರಿ ಡಿವಿಷನ್ನಿನ 8ನೇ ಕ್ಯಾವಲ್ರಿ ರೆಜಿಮೆಂಟಿನ 'ಐ' ಕಂಪನಿಯಲ್ಲಿ ರೈಫಲ್ ಹಿಡಿದು ಕೊರಿಯಾದಲ್ಲಿದ್ದ. ಹೆಸರಿನಲ್ಲಿ ಕುದುರೆಪಡೆ ಎಂದಿದ್ದರೂ ಕುದುರೆಗಳ ಕಾಲ ಮುಗಿದಿತ್ತು, ಅದು ಕಾಲ್ದಳ.

ಮೊದಲ ವಾರಗಳಲ್ಲಿ ಅಮೆರಿಕದ ಪಡೆಗಳು ಹಿಂದೆ ಸರಿಯುತ್ತಲೇ ಇದ್ದವು. ಜಪಾನಿನಲ್ಲಿ ಯುದ್ಧಾನಂತರದ ಪಹರೆ ಕಾಯುತ್ತಿದ್ದ, ಯುದ್ಧಕ್ಕೆ ಸಿದ್ಧವೇ ಇರದ ತುಕಡಿಗಳನ್ನು ಅವಸರದಲ್ಲಿ ತಂದು ಇಳಿಸಲಾಗಿತ್ತು. ಕೊನೆಗೆ ಉಳಿದದ್ದು ಆಗ್ನೇಯ ತುದಿಯ ಪೂಸಾನ್ ಬಂದರಿನ ಸುತ್ತಲಿನ ಸ್ವಲ್ಪ ಜಾಗ. ಅಲ್ಲಿಗೆ ಹಿಮ್ಮೆಟ್ಟುವಾಗ ತೇಗುವಿನಿಂದ ಪೂಸಾನ್‌ಗೆ ಹೋಗುವ ರಸ್ತೆ ತೆರೆದಿರಬೇಕಿತ್ತು. ಆ ರಸ್ತೆಯನ್ನು ಕಾಯುವ ಒಂದು ಗುಡ್ಡದ ಮೇಲೆ ರೂಬಿನ್‌ನನ್ನು ಒಬ್ಬನನ್ನೇ ಬಿಟ್ಟು ಕಂಪನಿ ಹೋಯಿತು.

ಅವನು ಆಮೇಲೆ ಹೇಳಿದ ಪ್ರಕಾರ, ಗುಡ್ಡದ ಮೇಲಿನ ಗುಂಡಿಗಳಲ್ಲೆಲ್ಲ ಗ್ರೆನೇಡ್ ಮತ್ತು ಮದ್ದುಗುಂಡು ಇಟ್ಟುಕೊಂಡು, ಒಂದರಿಂದ ಇನ್ನೊಂದಕ್ಕೆ ಓಡುತ್ತ ಎಸೆಯುತ್ತಿದ್ದ. ಗುಡ್ಡದಲ್ಲಿ ದೊಡ್ಡ ಪಡೆಯೇ ಇದೆ ಎಂದು ಎದುರಾಳಿಗಳು ತಿಳಿಯಲಿ ಎಂಬುದು ಅವನ ಲೆಕ್ಕ. ಇದು ಇಪ್ಪತ್ತನಾಲ್ಕು ಗಂಟೆ ನಡೆಯಿತು ಎಂದು ಪದಕದ ಅಧಿಕೃತ ಬರಹ ಹೇಳುತ್ತದೆ. ಎದುರಾಳಿಗಳು ಎಷ್ಟು ಜನ ಸತ್ತರು ಎಂಬ ಅಂಕಿ ಅದರಲ್ಲಿ ಇಲ್ಲ. ದಂಗುಬಡಿಸುವಷ್ಟು ಎಂಬ ಅರ್ಥದ ಮಾತಷ್ಟೇ ಇದೆ. ಒಬ್ಬನೇ ಇದ್ದ ಗುಡ್ಡದಲ್ಲಿ ಹೆಣ ಎಣಿಸುವವರು ಯಾರು? ಅಳೆಯಲು ಸಾಧ್ಯವಿದ್ದದ್ದು ಒಂದೇ, ರಸ್ತೆ ಮುಚ್ಚಲಿಲ್ಲ. ರೆಜಿಮೆಂಟ್ ಹಿಂದೆ ಸರಿದು ಉಳಿದುಕೊಂಡಿತು.

ಅವನನ್ನೇ ಏಕೆ ಬಿಟ್ಟರು? ಕಂಪನಿಯ ಒಬ್ಬ ಸಾರ್ಜೆಂಟ್ ಯಹೂದಿಗಳನ್ನು ಕಂಡರಾಗದವನು, ಸಾಯುವ ಸಾಧ್ಯತೆ ಹೆಚ್ಚಿರುವ ಕೆಲಸಗಳಿಗೆಲ್ಲ ರೂಬಿನ್‌ನನ್ನೇ 'ಸ್ವಯಂಸೇವಕ'ನನ್ನಾಗಿ ಹೆಸರಿಸುತ್ತಿದ್ದ ಎಂದು ಜೊತೆಗಿದ್ದ ಹಲವು ಸೈನಿಕರು ಮುಂದೆ ಪ್ರಮಾಣಪತ್ರಗಳಲ್ಲಿ ಬರೆದುಕೊಟ್ಟರು. ಅದೇ ಸಾರ್ಜೆಂಟಿನ ಕೈಯಲ್ಲಿ ಇನ್ನೊಂದು ಅಧಿಕಾರವೂ ಇತ್ತು. ರೂಬಿನ್‌ಗೆ ಮೆಡಲ್ ಆಫ್ ಆನರ್ ಶಿಫಾರಸು ಮಾಡುವ ಕಾಗದಪತ್ರ ತಯಾರಿಸು ಎಂದು ಮೇಲಧಿಕಾರಿಗಳು ಹೇಳಿದ್ದು ಅವನಿಗೇ. ಅವನು ತಯಾರಿಸಲಿಲ್ಲ. ಹಾಗೆ ಹೇಳಿದ್ದ ಇಬ್ಬರು ಅಧಿಕಾರಿಗಳು ಸ್ವಲ್ಪ ದಿನಗಳಲ್ಲೇ ಯುದ್ಧದಲ್ಲಿ ಸತ್ತರು. ಆಜ್ಞೆ ಕೊಟ್ಟವರು ಇಲ್ಲ, ಆಜ್ಞೆ ಬರಹದಲ್ಲಿಲ್ಲ. ಕಡತ ಹುಟ್ಟುವ ಮೊದಲೇ ಮುಚ್ಚಿಹೋಯಿತು.

ಉನ್ಸಾನ್

ಸೆಪ್ಟೆಂಬರಿನಲ್ಲಿ ಯುದ್ಧದ ದಿಕ್ಕು ಬದಲಾಯಿತು. ಇಂಚಾನ್‌ನಲ್ಲಿ ಅಮೆರಿಕದ ಪಡೆಗಳು ಸಮುದ್ರದಿಂದ ಇಳಿದ ಮೇಲೆ ಉತ್ತರ ಕೊರಿಯಾದ ಸೈನ್ಯ ಕುಸಿಯಿತು. 8ನೇ ಕ್ಯಾವಲ್ರಿ ಉತ್ತರಕ್ಕೆ ಸಾಗಿತು. ಈ ಮುನ್ನಡೆಯಲ್ಲಿ ನೂರಾರು ಉತ್ತರ ಕೊರಿಯಾ ಸೈನಿಕರನ್ನು ಸೆರೆಹಿಡಿಯಲು ರೂಬಿನ್ ನೆರವಾದ. ಕ್ರಿಸ್‌ಮಸ್ ಹೊತ್ತಿಗೆ ಮನೆ ಸೇರುತ್ತೇವೆ ಎಂಬ ಮಾತು ಪಡೆಗಳಲ್ಲಿ ಓಡಾಡುತ್ತಿತ್ತು. ಚೀನಾ ಯುದ್ಧಕ್ಕೆ ಬರುವುದಿಲ್ಲ ಎಂದು ಟೋಕಿಯೋದಲ್ಲಿದ್ದ ಜನರಲ್ ಮೆಕಾರ್ಥರ್ ನಂಬಿದ್ದರು.

ಚೀನಾದ ಸೈನ್ಯ ಯಾಲು ನದಿ ದಾಟಿ ಆಗಲೇ ಬೆಟ್ಟಗಳಲ್ಲಿ ಅಡಗಿ ಕೂತಿತ್ತು. ಉನ್ಸಾನ್ ಎಂಬ ಊರಿನ ಹತ್ತಿರ ರಾತ್ರಿ ಹೊತ್ತು ಕಹಳೆ ಊದುತ್ತ ಅದು 8ನೇ ಕ್ಯಾವಲ್ರಿಯ ಮೇಲೆ ಎರಗಿತು. ರೆಜಿಮೆಂಟ್ 800ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. 'ಐ' ಕಂಪನಿ ಸೇರಿದ್ದ 3ನೇ ಬೆಟಾಲಿಯನ್ ಸುತ್ತುವರಿಯಲ್ಪಟ್ಟು ನುಚ್ಚುನೂರಾಯಿತು. ತುಕಡಿಯ ದಕ್ಷಿಣ ತುದಿಯಲ್ಲಿ ಒಂದು ಮೆಷಿನ್ ಗನ್ ಇತ್ತು. ಅದನ್ನು ನಡೆಸುತ್ತಿದ್ದ ಮೂವರು ಒಬ್ಬರಾದ ಮೇಲೊಬ್ಬರು ಬಿದ್ದರು. ನಾಲ್ಕನೆಯವನಾಗಿ ರೂಬಿನ್ ಅದರ ಹಿಂದೆ ಕೂತ. ರಾತ್ರಿಯೆಲ್ಲ, ಮರುದಿನವೂ, ಗುಂಡು ಮುಗಿಯುವವರೆಗೆ ನಡೆಸಿದ. ಉಳಿದವರಲ್ಲಿ ಕೆಲವರು ದಕ್ಷಿಣಕ್ಕೆ ತಪ್ಪಿಸಿಕೊಂಡರು. ರೂಬಿನ್ ತೀವ್ರವಾಗಿ ಗಾಯಗೊಂಡು ಚೀನೀಯರ ಕೈಗೆ ಸಿಕ್ಕ.

ಇಲ್ಲಿ ಒಂದು ಸಣ್ಣ ವಿವರ ಗಮನಿಸಬೇಕು. ಈ ದಾಳಿ ನಡೆದದ್ದು ಅಕ್ಟೋಬರ್ 30ರಂದು ಎಂದು ಪದಕದ ಬರಹ ಹೇಳುತ್ತದೆ. ಯುದ್ಧದ ಇತಿಹಾಸಗಳಲ್ಲಿ 8ನೇ ಕ್ಯಾವಲ್ರಿಯ ಮೇಲೆ ಮುಖ್ಯ ದಾಳಿ ಶುರುವಾದದ್ದು ನವೆಂಬರ್ 1ರ ಸಂಜೆ. ಎರಡು ದಿನದ ಈ ವ್ಯತ್ಯಾಸದಿಂದ ರೂಬಿನ್‌ನ ಶೌರ್ಯ ಸುಳ್ಳಾಗುವುದಿಲ್ಲ. ಅದು ಹೇಳುವುದು ಇಷ್ಟೇ: ಆ ವಾರ ಬರೆಯಬೇಕಿದ್ದ ಕಾಗದವನ್ನು ಅರ್ಧ ಶತಮಾನ ಕಳೆದ ಮೇಲೆ, ಮುದುಕರ ನೆನಪಿನ ಆಧಾರದಲ್ಲಿ ಬರೆದರೆ ಹೀಗಾಗುತ್ತದೆ. ದಾಖಲೆ ತಡವಾದಾಗ ಮೊದಲು ಸವೆಯುವುದು ತಾರೀಖು.

ನದಿಯ ದಡದ ಶಿಬಿರ

ಅಮೆರಿಕದ ಯುದ್ಧಕೈದಿಗಳಲ್ಲಿ ಹೆಚ್ಚಿನವರು ಸತ್ತದ್ದು 1950–51ರ ಚಳಿಗಾಲದಲ್ಲಿ ಮತ್ತು ಅದರ ಬೆನ್ನಿಗೆ ಬಂದ ತಿಂಗಳುಗಳಲ್ಲಿ. ಯುದ್ಧದುದ್ದಕ್ಕೂ ಸೆರೆಸಿಕ್ಕ ಅಮೆರಿಕನ್ನರು ಏಳು ಸಾವಿರಕ್ಕೂ ಹೆಚ್ಚು. ಅವರಲ್ಲಿ ಸುಮಾರು 2,700 ಜನ ಸೆರೆಯಲ್ಲೇ ಸತ್ತರು, ಎಂದರೆ ಹತ್ತರಲ್ಲಿ ನಾಲ್ಕು ಜನ. ಯಾಲು ನದಿಯ ದಡದ ಪ್ಯೋಕ್‌ತಾಂಗ್ ಎಂಬ ಊರಿನಲ್ಲಿದ್ದ 5ನೇ ನಂಬರಿನ ಶಿಬಿರ ಇವುಗಳಲ್ಲಿ ಕುಖ್ಯಾತವಾದದ್ದು. ರೂಬಿನ್ ಅಲ್ಲಿದ್ದ. ತಿನ್ನಲು ಹಿಡಿಯಷ್ಟು ಜೋಳ, ನವಣೆ. ಔಷಧ ಇಲ್ಲ. ಬೇಸಗೆಯ ಬಟ್ಟೆಯಲ್ಲೇ ಸಿಕ್ಕಿಬಿದ್ದಿದ್ದವರ ಕೈಕಾಲು ಹಿಮಕ್ಕೆ ಸೆಡೆತು ಕೊಳೆಯುತ್ತಿದ್ದವು. ಭೇದಿ, ನ್ಯುಮೋನಿಯಾ, ಬೆರಿಬೆರಿ. ಇವಕ್ಕಿಂತ ವಿಚಿತ್ರವಾದ ಇನ್ನೊಂದು ಸಾವೂ ಇತ್ತು. ಇಪ್ಪತ್ತರ ಹರೆಯದ ಹುಡುಗರು ಉಣ್ಣುವುದನ್ನು ನಿಲ್ಲಿಸಿ, ಕಂಬಳಿ ಮುಖದ ಮೇಲೆ ಎಳೆದುಕೊಂಡು, ಒಂದೆರಡು ದಿನದಲ್ಲಿ ಸತ್ತುಹೋಗುತ್ತಿದ್ದರು.

ಆ ಶಿಬಿರದಲ್ಲಿ ರೂಬಿನ್‌ಗೆ ಉಳಿದವರಿಗಿಲ್ಲದ ಒಂದು ಅನುಭವವಿತ್ತು. ಅವನು ಇಂಥದ್ದನ್ನು ಒಮ್ಮೆ ನೋಡಿ ಬದುಕಿ ಬಂದಿದ್ದ. ರಾತ್ರಿ ಹೊತ್ತು ಶಿಬಿರದಿಂದ ನುಸುಳಿ ಚೀನೀಯರ ಉಗ್ರಾಣಗಳಿಗೆ, ಸುತ್ತಲಿನ ತೋಟಗಳಿಗೆ ನುಗ್ಗಿ, ಸಿಕ್ಕಿದ್ದನ್ನು ಬಟ್ಟೆಯೊಳಗೆ ತುಂಬಿಕೊಂಡು ಬರುತ್ತಿದ್ದ. ತಂದದ್ದನ್ನು ತಾನೇ ತಿನ್ನದೆ ಹಂಚುತ್ತಿದ್ದ. ಸಿಕ್ಕಿಬಿದ್ದರೆ ಚಿತ್ರಹಿಂಸೆ ಅಥವಾ ಗುಂಡು. ಕೊಳೆತ ಗಾಯಕ್ಕೆ ಹುಳು ಬಿಟ್ಟು, ಅವು ಸತ್ತ ಮಾಂಸ ತಿಂದ ಮೇಲೆ ತೆಗೆಯುತ್ತಿದ್ದ. ಕೇಳಿದರೆ ಮೈ ಜುಮ್ಮೆನ್ನುತ್ತದೆ, ಆದರೆ ಔಷಧವಿಲ್ಲದ ಕಡೆ ಅದು ಕೆಲಸ ಮಾಡುವ ಚಿಕಿತ್ಸೆ. ಎದ್ದು ಕೂರಲಾರದವರ ತಲೆಯ ಹೇನು ಹೆಕ್ಕುತ್ತಿದ್ದ, ಮೈ ತೊಳೆಯುತ್ತಿದ್ದ. ಬದುಕುವ ಆಸೆ ಬಿಟ್ಟಿದ್ದ ಒಬ್ಬನಿಗೆ ಆಡಿನ ಹಿಕ್ಕೆಯನ್ನು ಔಷಧದ ಗುಳಿಗೆ ಎಂದು ನಂಬಿಸಿ ನುಂಗಿಸಿದ, ಅವನು ಚೇತರಿಸಿಕೊಂಡ ಎಂಬ ಕಥೆಯನ್ನು ಜೊತೆಯವರು ಹೇಳುತ್ತಿದ್ದರು. ಇದನ್ನೆಲ್ಲ ಏಕೆ ಮಾಡಿದೆ ಎಂದು ಕೇಳಿದವರಿಗೆ ರೂಬಿನ್ ಕೊಟ್ಟ ಉತ್ತರ ಧರ್ಮದ ಭಾಷೆಯಲ್ಲಿತ್ತು. ಯಹೂದಿ ಪರಂಪರೆಯಲ್ಲಿ 'ಮಿಟ್ಸ್‌ವಾ' ಎಂಬ ಮಾತಿದೆ. ದೇವರ ಆಜ್ಞೆ ಎಂದೂ ಮಾಡಲೇಬೇಕಾದ ಒಳ್ಳೆಯ ಕೆಲಸ ಎಂದೂ ಅದರ ಅರ್ಥ. ಅವನು ಆ ಮಾತನ್ನು ಬಳಸುತ್ತಿದ್ದ.

ಇದೇ ಶಿಬಿರದಲ್ಲಿ ಇನ್ನೊಬ್ಬ ಅನ್ನಗಳ್ಳನಿದ್ದ. ಎಮಿಲ್ ಕಪೌನ್, ಕನ್ಸಾಸ್‌ನ ಕ್ಯಾಥೊಲಿಕ್ ಪಾದ್ರಿ, ಅದೇ 8ನೇ ಕ್ಯಾವಲ್ರಿಯ ಧರ್ಮಗುರು. ಉನ್ಸಾನ್‌ನಲ್ಲಿ ತಪ್ಪಿಸಿಕೊಳ್ಳುವ ಅವಕಾಶವಿದ್ದರೂ ಗಾಯಾಳುಗಳ ಜೊತೆ ಉಳಿದು ಸೆರೆಯಾದವರು. ಅವರೂ ರಾತ್ರಿ ಹೊತ್ತು ಉಗ್ರಾಣಗಳಿಂದ ಕಾಳು ಕದ್ದು ತಂದು ಹಂಚುತ್ತಿದ್ದರು, ರೋಗಿಗಳ ಬಟ್ಟೆ ಒಗೆಯುತ್ತಿದ್ದರು. 1951ರ ಮೇ ತಿಂಗಳಲ್ಲಿ ಅಲ್ಲೇ ಸತ್ತರು. ಅವರಿಗೂ ಮೆಡಲ್ ಆಫ್ ಆನರ್ ಬಂತು, 2013ರಲ್ಲಿ. ಒಂದೇ ರೆಜಿಮೆಂಟಿನ ಇಬ್ಬರು, ಒಂದೇ ಶಿಬಿರದಲ್ಲಿ, ಒಂದೇ ಬಗೆಯ ಕಳ್ಳತನಕ್ಕೆ ದೇಶದ ಅತ್ಯುನ್ನತ ಗೌರವ ಪಡೆದರು. ಇಬ್ಬರಿಗೂ ಅದು ಅರ್ಧ ಶತಮಾನಕ್ಕಿಂತ ತಡವಾಗಿ ಸಿಕ್ಕಿತು.

ಊರಿಗೆ ಹೋಗುವುದಿಲ್ಲ ಎಂದವನು

ಚೀನೀಯರಿಗೆ ರೂಬಿನ್ ಎಲ್ಲಿಯವನು ಎಂದು ಗೊತ್ತಾಯಿತು. ಹಂಗೇರಿ ಆಗ ಕಮ್ಯುನಿಸ್ಟ್ ದೇಶ, ಎಂದರೆ ಚೀನಾದ ಸ್ನೇಹಿತ ಪಾಳಯದ್ದು. ಇವನು ಅಮೆರಿಕದ ಪ್ರಜೆಯೂ ಅಲ್ಲ. ಒಪ್ಪಿದರೆ ಹುಟ್ಟಿದ ದೇಶಕ್ಕೆ ಕಳಿಸುತ್ತೇವೆ ಎಂದು ಮತ್ತೆ ಮತ್ತೆ ಹೇಳಿದರು. ಅವನು ಒಲ್ಲೆ ಎಂದ.

ಈ ನಿರಾಕರಣೆಯ ತೂಕ ತಿಳಿಯಲು ಆ ಯುದ್ಧ ಹೇಗೆ ಮುಗಿಯಿತು ಎಂದು ನೋಡಬೇಕು. ಕದನವಿರಾಮದ ಮಾತುಕತೆ ಶುರುವಾದದ್ದು 1951ರ ಜುಲೈಯಲ್ಲಿ, ಮುಗಿದದ್ದು 1953ರ ಜುಲೈ 27ರಂದು. ಎರಡು ವರ್ಷದ ಈ ಎಳೆದಾಟಕ್ಕೆ ದೊಡ್ಡ ಕಾರಣ ಗಡಿಗೆರೆಯಲ್ಲ, ಕೈದಿಗಳು. ಸೆರೆಸಿಕ್ಕವರನ್ನೆಲ್ಲ ಅವರವರ ದೇಶಕ್ಕೆ ವಾಪಸು ಕಳಿಸಲೇಬೇಕು ಎಂದು ಚೀನಾ ಮತ್ತು ಉತ್ತರ ಕೊರಿಯಾ. ಹೋಗಲು ಇಷ್ಟವಿಲ್ಲದವರನ್ನು ಬಲವಂತವಾಗಿ ಕಳಿಸುವುದಿಲ್ಲ ಎಂದು ಅಮೆರಿಕ. ಈ ಗಂಟು ಬಿಡಿಸುವ ಸೂತ್ರಕ್ಕೆ ವಿಶ್ವಸಂಸ್ಥೆಯಲ್ಲಿ 1952ರ ಕೊನೆಗೆ ಭಾರತ ಮುಂದಿಟ್ಟ ನಿರ್ಣಯ ತಳಹದಿಯಾಯಿತು. ಹಾಗೆ ರಚನೆಯಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ಮಡಿಕೇರಿಯಲ್ಲಿ ಹುಟ್ಟಿದ ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯ. ಕೈದಿಗಳ ಕಾವಲಿಗೆ ಹೋದ ಭಾರತೀಯ ಪಡೆಯ ಮುಖ್ಯಸ್ಥರು ಮೇಜರ್ ಜನರಲ್ ಎಸ್. ಪಿ. ಪಿ. ಥೋರಟ್.

ತಿಮ್ಮಯ್ಯ ಅವರ ವಶಕ್ಕೆ ಬಂದ, ಊರಿಗೆ ಹೋಗುವುದಿಲ್ಲ ಎಂದ ಚೀನೀ ಮತ್ತು ಉತ್ತರ ಕೊರಿಯಾ ಕೈದಿಗಳು 22,604. ಇನ್ನೊಂದು ಕಡೆಯಿಂದ 359. ಒಬ್ಬೊಬ್ಬ ಕೈದಿಯನ್ನೂ ಬಿಡಿಯಾಗಿ ಕೂರಿಸಿ, ನಿನಗೆ ಎಲ್ಲಿಗೆ ಹೋಗಬೇಕು ಎಂದು ಕೇಳುವುದು ಆಯೋಗದ ಕೆಲಸ. ಕೇಳಲು ಸರಳ. ಆದರೆ ಶಿಬಿರಗಳ ಒಳಗೆ ಕೈದಿಗಳದೇ ಮುಖಂಡರ ಗುಂಪುಗಳು ಬಲವಾಗಿದ್ದವು. ಯಾರ ಉತ್ತರ ಅವನದೇ, ಯಾರದು ಪಕ್ಕದವನ ಭಯದಿಂದ ಬಂದದ್ದು ಎಂದು ಬೇರ್ಪಡಿಸುವುದು ಸುಲಭವಾಗಿರಲಿಲ್ಲ. ಅಮೆರಿಕನ್ನರಲ್ಲಿ 21 ಜನ ಕೊನೆಗೂ ವಾಪಸು ಹೋಗದೆ ಚೀನಾ ಪಾಳಯದಲ್ಲಿ ಉಳಿದರು. ಅದು ಅಮೆರಿಕದಲ್ಲಿ ದೊಡ್ಡ ಗದ್ದಲವಾಯಿತು.

ರೂಬಿನ್ ತಿಮ್ಮಯ್ಯ ಅವರ ಮುಂದೆ ಬಂದವನಲ್ಲ. ಗಾಯಾಳುಗಳನ್ನೂ ರೋಗಿಗಳನ್ನೂ ಮೊದಲು ಬಿಡುವ ಒಪ್ಪಂದದಲ್ಲಿ, ಆಯೋಗ ಕೆಲಸ ಶುರುಮಾಡುವ ಮುಂಚೆಯೇ, 1953ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ. ಆ ಕಂತಿನಲ್ಲಿ ಬಂದ ಅಮೆರಿಕದ ಸೈನಿಕರು 149. ಆದರೆ ಆಯೋಗ ಸಾವಿರಾರು ಜನರನ್ನು ಕೇಳಬೇಕಿದ್ದ ಪ್ರಶ್ನೆಗೆ ಅವನು ಆಗಲೇ ಉತ್ತರ ಕೊಟ್ಟಾಗಿತ್ತು. ಅವನ ಉತ್ತರದಲ್ಲಿ ಒಂದು ವ್ಯತ್ಯಾಸವಿತ್ತು. ಉಳಿದವರು ಒಂದು ದೇಶಕ್ಕೆ ಬದಲು ಇನ್ನೊಂದನ್ನು ಆರಿಸಿದರು. ಅವನು ಬಿಡುಗಡೆಗೆ ಬದಲು ಸೆರೆಯನ್ನು ಆರಿಸಿದ, ಅದೂ ತನಗಿನ್ನೂ ಪೌರತ್ವ ಕೊಡದ ದೇಶದ ಸೈನಿಕರ ಜೊತೆ.

ಯಾರೂ ಕೇಳದ ಮೂವತ್ತು ವರ್ಷ

1953ರಲ್ಲಿ ರೂಬಿನ್ ಅಮೆರಿಕದ ಪ್ರಜೆಯಾದರು. ಗಾಯಗೊಂಡವರಿಗೆ ಕೊಡುವ ಪರ್ಪಲ್ ಹಾರ್ಟ್ ಪದಕ ಎರಡು ಸಿಕ್ಕಿದ್ದವು. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಅಣ್ಣನ ಮದ್ಯದಂಗಡಿಯಲ್ಲಿ ಕೆಲಸಕ್ಕೆ ನಿಂತರು. ಮದುವೆಯಾಯಿತು, ಇಬ್ಬರು ಮಕ್ಕಳಾದರು. ಯುದ್ಧದ ಸಂಗತಿ ಹೆಚ್ಚು ಆಡುತ್ತಿರಲಿಲ್ಲ. ಗಲ್ಲೆಯ ಹಿಂದೆ ನಿಂತು ಹಂಗೇರಿಯ ಉಚ್ಚಾರದ ಇಂಗ್ಲಿಷಿನಲ್ಲಿ ತಮಾಷೆ ಮಾಡುವ ಮನುಷ್ಯನೆಂದೇ ಬಂದುಹೋಗುವವರಿಗೆ ಪರಿಚಯ.

ಪದಕ ಬರದೆ ಉಳಿದದ್ದಕ್ಕೆ ಸಾರ್ಜೆಂಟಿನ ದ್ವೇಷವೊಂದೇ ಕಾರಣ ಎಂದರೆ ಕಥೆ ಸುಲಭವಾಗಿಬಿಡುತ್ತದೆ. ದ್ವೇಷಕ್ಕೆ ಆಸರೆಯಾದದ್ದು ವ್ಯವಸ್ಥೆಯ ಸ್ವಭಾವ. ಶೌರ್ಯಪದಕ ಕೆಳಗಿನಿಂದ ಮೇಲಕ್ಕೆ ಹೋಗುವ ಕಾಗದ. ಕಣ್ಣಾರೆ ಕಂಡವರು ಬರೆದುಕೊಡಬೇಕು, ಕಂಪನಿ ಮುಂದಕ್ಕೆ ಕಳಿಸಬೇಕು, ಮೇಲಿನ ಪ್ರತಿ ಹಂತವೂ ಒಪ್ಪಬೇಕು. ಮೊದಲ ಹಂತದಲ್ಲಿ ಒಬ್ಬ ಕೈಕಟ್ಟಿ ಕೂತರೆ ಸಾಕು, ಮೇಲಿನವರಿಗೆ ತಿರಸ್ಕರಿಸುವ ಕೆಲಸವೂ ಇಲ್ಲ. ಬಾರದ ಅರ್ಜಿಯನ್ನು ಯಾರೂ ತಿರಸ್ಕರಿಸಿದಂತಾಗುವುದಿಲ್ಲ. ಇಂಥ ಅನ್ಯಾಯ ಎಲ್ಲೂ ಸಹಿ ಬಿಟ್ಟುಹೋಗುವುದಿಲ್ಲ.

ಎರಡನೆಯದು ಕಾಲ. ಶಿಫಾರಸು ಇಷ್ಟು ವರ್ಷದೊಳಗೆ ಬರಬೇಕು ಎಂದು ಕಾನೂನಿತ್ತು. ಸಾಕ್ಷಿ ಹೇಳಬೇಕಾದವರು ಸತ್ತಿದ್ದರು ಅಥವಾ ಅವನ ಜೊತೆಯೇ ಸೆರೆಯಲ್ಲಿದ್ದರು. ಮೂರನೆಯದು ಆ ದಿನಗಳ ಅನುಮಾನ. ಚೀನಾದಲ್ಲಿ ಉಳಿದ 21 ಜನರ ದೆಸೆಯಿಂದ, ಮರಳಿ ಬಂದ ಕೈದಿಗಳೆಲ್ಲ ಶತ್ರುವಿನ ಮಾತಿಗೆ ಮರುಳಾದವರೋ ಏನೋ ಎಂದು ಪತ್ರಿಕೆಗಳೂ ಅಧಿಕಾರಿಗಳೂ ನೋಡುತ್ತಿದ್ದ ಕಾಲವದು. ಶಿಬಿರದಲ್ಲಿ ಬದುಕಿ ಉಳಿದದ್ದೇ ಸಂಶಯಕ್ಕೆ ಕಾರಣವಾಗಿದ್ದಾಗ ಅಲ್ಲಿನ ಶೌರ್ಯವನ್ನು ಹುಡುಕುವವರು ಯಾರು?

ನಾಲ್ಕನೆಯದು, ವಲಸಿಗನ ಸ್ಥಿತಿ. ಮೆಡಲ್ ಆಫ್ ಆನರ್ ಶುರುವಾದ ಅಂತರ್ಯುದ್ಧದ ಕಾಲದಿಂದ ಇಲ್ಲಿಯವರೆಗೆ ಅದನ್ನು ಪಡೆದವರಲ್ಲಿ ಸುಮಾರು ಐವರಲ್ಲಿ ಒಬ್ಬರು ಹೊರದೇಶದಲ್ಲಿ ಹುಟ್ಟಿದವರು. ಹಾಗಾಗಿ ವಲಸಿಗರಿಗೆ ಪದಕ ಸಿಗುವುದೇ ಇಲ್ಲ ಎಂದಲ್ಲ. ಆದರೆ ತನ್ನ ಹಕ್ಕನ್ನು ಕೇಳಲು ಬೇಕಾದ ಭಾಷೆ, ಬಂಧುಬಳಗ, ಊರಿನ ಜನಪ್ರತಿನಿಧಿ, ಶಾಲೆಯ ಹಳೆಯ ಗೆಳೆಯರು, ಇವು ಯಾವುವೂ ಹೊಸದಾಗಿ ಬಂದವನಿಗೆ ಇರುವುದಿಲ್ಲ. ಜೊತೆಗೆ ಋಣದ ಭಾವ ಬೇರೆ. ಮಾಟ್‌ಹೌಸೆನ್‌ನಿಂದ ಎತ್ತಿಕೊಂಡವರ ಸಾಲ ತೀರಿಸಲು ಹೋದವನು ಅದಕ್ಕೆ ರಸೀದಿ ಕೇಳುವುದಿಲ್ಲ.

ರಸೀದಿ ಕೇಳಿದ್ದು ಅವನಿಂದ ಬದುಕಿದವರು. 1980ರ ದಶಕದಲ್ಲಿ ಮಾಜಿ ಯುದ್ಧಕೈದಿಗಳು ಒಬ್ಬರನ್ನೊಬ್ಬರು ಹುಡುಕಿಕೊಂಡು ಸೇರತೊಡಗಿದಾಗ ರೂಬಿನ್‌ಗೆ ಆ ಪದಕ ಬಂದಿಲ್ಲ ಎಂದು ಅವರಿಗೆ ತಿಳಿಯಿತು. ಬಂದಿರುತ್ತದೆ ಎಂದೇ ಹಲವರು ಅಂದುಕೊಂಡಿದ್ದರು. ಪ್ರಮಾಣಪತ್ರಗಳು ಒಂದೊಂದಾಗಿ ಸೈನ್ಯಕ್ಕೆ ಹೋದವು. ಯಹೂದಿಯೊಬ್ಬನಿಗೆ ಆ ಪದಕ ಬರುವುದಕ್ಕೆ ನೆರವಾಗುವ ಬದಲು ಆ ಸಾರ್ಜೆಂಟ್ ತನ್ನ ಜೀವವನ್ನೇ ಅಪಾಯಕ್ಕೆ ಒಡ್ಡುತ್ತಿದ್ದ ಎಂಬರ್ಥದಲ್ಲಿ ಒಬ್ಬರು ಬರೆದರು. ಸಂಸತ್ತಿನಲ್ಲಿ ವಿಶೇಷ ಮಸೂದೆಯ ಪ್ರಯತ್ನಗಳೂ ನಡೆದವು. ಆದರೂ ಏನೂ ಆಗಲಿಲ್ಲ.

ಬಾಗಿಲು ತೆರೆದದ್ದು ಇನ್ನೊಬ್ಬನ ಹೆಸರಿನ ಕಾನೂನು. ಲಿಯೊನಾರ್ಡ್ ಕ್ರಾವಿಟ್ಸ್ ಎಂಬ ಯಹೂದಿ ಸೈನಿಕ 1951ರಲ್ಲಿ ಕೊರಿಯಾದಲ್ಲಿ ಮೆಷಿನ್ ಗನ್ ಹಿಡಿದು ಜೊತೆಯವರನ್ನು ಪಾರುಮಾಡಿ ಸತ್ತಿದ್ದ. ಅವನಿಗೂ ಮೆಡಲ್ ಆಫ್ ಆನರ್ ಬದಲು ಒಂದು ಮೆಟ್ಟಿಲು ಕೆಳಗಿನ ಪದಕ ಸಿಕ್ಕಿತ್ತು. ಅವನ ಬಾಲ್ಯದ ಗೆಳೆಯರೊಬ್ಬರು ಪಟ್ಟುಬಿಡದೆ ಓಡಾಡಿದ್ದರಿಂದ, ಪೂರ್ವಗ್ರಹದಿಂದ ಯಾರಿಗಾದರೂ ಪದಕ ತಪ್ಪಿದೆಯೇ ಎಂದು ಹಳೆಯ ಕಡತಗಳನ್ನು ಮತ್ತೆ ನೋಡಬೇಕೆಂಬ ಆದೇಶ 2001ರ ಕೊನೆಯಲ್ಲಿ ರಕ್ಷಣಾ ವೆಚ್ಚದ ಕಾನೂನಿನಲ್ಲಿ ಸೇರಿತು. ಯಹೂದಿ ಮತ್ತು ಹಿಸ್ಪಾನಿಕ್ ಸೈನಿಕರ ಕಡತಗಳು ಅದರಡಿ ಬಂದವು. ರೂಬಿನ್‌ಗೆ ಪದಕ ಬಂದದ್ದು ಆ ದಾರಿಯಲ್ಲಿ. ಕ್ರಾವಿಟ್ಸ್‌ಗೆ ಬಂದದ್ದು ಇನ್ನೂ ತಡವಾಗಿ, 2014ರಲ್ಲಿ, ಒಟ್ಟಿಗೆ ಇಪ್ಪತ್ತನಾಲ್ಕು ಜನರಿಗೆ ಹಂಚಿದಾಗ.

ಸಾವಿರ ದಿನ

2005ರ ಸೆಪ್ಟೆಂಬರ್ 23ರಂದು ಅಧ್ಯಕ್ಷ ಜಾರ್ಜ್ ಬುಷ್ ಶ್ವೇತಭವನದಲ್ಲಿ ರೂಬಿನ್ ಅವರ ಕೊರಳಿಗೆ ಪದಕ ಹಾಕಿದರು. ನಿನ್ನೆಯವರೆಗೆ ತಾನೊಬ್ಬ ಲೆಕ್ಕಕ್ಕಿಲ್ಲದ ಪೆದ್ದ, ಇವತ್ತು ಎಲ್ಲರೂ ಸರ್ ಎನ್ನುತ್ತಿದ್ದಾರೆ ಎಂದು ಅವರು ಆಮೇಲೆ ನಗಾಡಿದರು. ಅದಾದ ಮೇಲೆ ಹತ್ತು ವರ್ಷ ಬದುಕಿದರು. 2015ರ ಡಿಸೆಂಬರ್ 5ರಂದು ಕ್ಯಾಲಿಫೋರ್ನಿಯಾದ ಗಾರ್ಡನ್ ಗ್ರೋವ್‌ನಲ್ಲಿ ತೀರಿಕೊಂಡರು. ಲಾಂಗ್ ಬೀಚ್‌ನ ಮಾಜಿ ಸೈನಿಕರ ಆಸ್ಪತ್ರೆಗೆ 2017ರಲ್ಲಿ ಅವರ ಹೆಸರಿಟ್ಟರು.

ಪದಕದ ಬರಹವನ್ನು ನಿಧಾನವಾಗಿ ಓದಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಶೌರ್ಯಪದಕಗಳ ಬರಹ ಸಾಮಾನ್ಯವಾಗಿ ಒಂದು ದಿನದ್ದು, ಕೆಲವೊಮ್ಮೆ ಒಂದೆರಡು ಗಂಟೆಯದು. ರೂಬಿನ್ ಅವರದು ಶುರುವಾಗುವುದು 1950ರ ಜುಲೈ 23ಕ್ಕೆ, ಮುಗಿಯುವುದು 1953ರ ಏಪ್ರಿಲ್ 20ಕ್ಕೆ. ದಿನ ಎಣಿಸಿದರೆ ಸಾವಿರಕ್ಕೆ ಎರಡು ಹೆಚ್ಚು. ಇದರಲ್ಲಿ ಬಂದೂಕು ಕೈಯಲ್ಲಿದ್ದದ್ದು, ಆ ಬರಹದ ತಾರೀಖುಗಳ ಪ್ರಕಾರವೇ, ಮೊದಲ ನೂರು ದಿನ ಮಾತ್ರ. ಉಳಿದ ಒಂಬೈನೂರು ದಿನ ಅವರ ಕೈಯಲ್ಲಿದ್ದದ್ದು ಕದ್ದ ಕಾಳು, ಮತ್ತೊಬ್ಬನ ಗಾಯ ಕಟ್ಟುವ ಚಿಂದಿ, ಹಿಕ್ಕೆಯ ಗುಳಿಗೆ. ಗುಡ್ಡದ ಮೇಲೆ ಅವರು ಕೊಂದವರ ಲೆಕ್ಕ ಆ ಬರಹದಲ್ಲಿ ಇಲ್ಲ. ಶಿಬಿರದಲ್ಲಿ ಉಳಿಸಿದವರ ಲೆಕ್ಕ ಇದೆ: ನಲವತ್ತು ಜನರವರೆಗೆ. ಅವರಲ್ಲಿ ಬದುಕಿ ಊರು ಸೇರಿದವರು ಬರೆದುಕೊಟ್ಟಿದ್ದರಿಂದಲೇ ಆ ಕಾಗದ ಕೊನೆಗೂ ತಯಾರಾಯಿತು.